ಸ್ಟೆಂಟ್ ಹಾಕುವ ಮೊದಲು, ಹಾಕಿದ ಮೇಲೆ: ಶುಶ್ರೂಷಕಿಯೊಬ್ಬಳ ಅನುಭವ

ಹೃದಯದ ರಕ್ತನಾಳಕ್ಕೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಹಾಕಿಸಿಕೊಳ್ಳಲು ಬಂದವರನ್ನು ಅದನ್ನು ಹಾಕುವ ಕೋಣೆಯಾದ ಕ್ಯಾಥ್ ಲ್ಯಾಬಿಗೆ ಸಿದ್ಧಗೊಳಿಸುವುದು ನನ್ನ ಕೆಲಸ. ಅವರಿಗೆ ನಾನು ‘ಹೆದರಬೇಡಿ’ ಎನ್ನುವುದಿಲ್ಲ. ಒಳಗೆ ಹೋದಾಗಿನಿಂದ ಹೊರಗೆ ಬರುವತನಕ ಮೈಗೆ ಏನೇನು ಅನ್ನಿಸುತ್ತದೆ ಎಂಬುದನ್ನು ಅದು ನಡೆಯುವ ಕ್ರಮದಲ್ಲೇ ಹೇಳುತ್ತೇನೆ. ಕೋಣೆ ತಣ್ಣಗಿರುತ್ತದೆ, ಮೇಜು ಕಿರಿದಾಗಿರುತ್ತದೆ, ಎಕ್ಸ್-ರೇ ಯಂತ್ರ ಎದೆಯ ತೀರ ಸಮೀಪಕ್ಕೆ ಬಂದು ತಿರುಗುತ್ತದೆ. ಮಣಿಕಟ್ಟಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡುವಾಗ ಉರಿಯುತ್ತದೆ. ಅಲ್ಲಿಂದ ಹೃದಯದತ್ತ ತೂರಿಸುವ ಕ್ಯಾಥೆಟರ್ ಎಂಬ ತೆಳು ಕೊಳವೆ ನಾಳದೊಳಗೆ ಸಾಗುವುದು ಮಾತ್ರ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ನಾಳ ಎಕ್ಸ್-ರೇಯಲ್ಲಿ ಕಾಣಲೆಂದು ಡೈ ಎಂಬ ದ್ರವ ಬಿಟ್ಟಾಗ ಮೈಯಲ್ಲಿ ಬಿಸಿ ಹರಿದಂತಾಗಿ, ಕೆಲವರಿಗೆ ಮೂತ್ರ ಹೋಗಿಬಿಟ್ಟಿತೇನೋ ಎನ್ನಿಸುವುದುಂಟು. ಇದನ್ನು ಮೊದಲೇ ಹೇಳಲು ಸಂಕೋಚಪಡುವ ಸಿಬ್ಬಂದಿಯೂ ಇದ್ದಾರೆ. ಹೇಳದಿದ್ದರೆ ರೋಗಿ ನಾಚಿಕೆಯಿಂದ ಮೈ ಬಿಗಿಹಿಡಿದು ಮಲಗುತ್ತಾರೆ.

ಎಲ್ಲಕ್ಕಿಂತ ಒತ್ತಿ ಹೇಳುವುದು, ಸ್ಟೆಂಟನ್ನು ಅರಳಿಸಿ ಕೂರಿಸಲು ನಾಳದೊಳಗೆ ಹಿಗ್ಗಿಸುವ ಪುಟ್ಟ ಬಲೂನಿನ ವಿಷಯವನ್ನು. ಅದು ಹಿಗ್ಗಿರುವಷ್ಟು ಹೊತ್ತು, ಅಂದರೆ ಕೆಲವು ಸೆಕೆಂಡು, ರಕ್ತದ ಹರಿವು ತಡೆಯುವುದರಿಂದ, ಯಾವ ಎದೆನೋವಿಗೆ ಅಂಜಿ ಆಸ್ಪತ್ರೆಗೆ ಬಂದರೋ ಅದೇ ನೋವು ಮೇಜಿನ ಮೇಲೂ ಕಾಣಿಸಿಕೊಳ್ಳಬಹುದು, ಬಲೂನು ಕುಗ್ಗಿದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಇದು ಗೊತ್ತಿದ್ದವರು ‘ಈಗ ಶುರುವಾಯಿತು ಸಿಸ್ಟರ್’ ಎನ್ನುತ್ತಾರೆ. ಗೊತ್ತಿಲ್ಲದವರು ಪ್ರಾಣವೇ ಹೋಯಿತೆಂದು ಗಾಬರಿಯಿಂದ ಕೈ ಎಳೆದುಕೊಳ್ಳುತ್ತಾರೆ.

ವಾರ್ಡಿಗೆ ಮರಳಿದ ಮೇಲಿನ ಭಯ ಬೇರೆ ಬಗೆಯದು, ನಾನು ಕಂಡಂತೆ ಹೆಚ್ಚು ಹಟಮಾರಿಯಾದದ್ದು. ಕೆಮ್ಮಿದರೆ ಸ್ಟೆಂಟ್ ಜರುಗೀತೇ ಎಂದು ಕೇಳುತ್ತಾರೆ. ಬಲೂನಿನ ಒತ್ತಡದಿಂದ ನಾಳದ ಗೋಡೆಗೆ ಅದುಮಿ ಕೂರಿಸಿದ ಸ್ಟೆಂಟ್ ಕೆಮ್ಮಿಗೆ ಜರುಗುವುದಿಲ್ಲ, ಕ್ರಮೇಣ ನಾಳದ ಒಳಪದರವೇ ಅದರ ಮೇಲೆ ಬೆಳೆದುಕೊಳ್ಳುತ್ತದೆ, ಅದರೊಳಗೆ ರಕ್ತ ಹೆಪ್ಪುಗಟ್ಟದಿರಲೆಂದೇ ಎರಡು ಬಗೆಯ ಮಾತ್ರೆ ಕೊಟ್ಟಿರುವುದು ಎಂದು ವಿವರಿಸಿದರೆ, ಮಾತ್ರೆಯನ್ನು ಏಕೆ ತಪ್ಪಿಸಬಾರದೆಂಬುದೂ ಅವರಿಗೆ ತಿಳಿಯುತ್ತದೆ.

ಡಿಸ್ಚಾರ್ಜ್ ಹಾಳೆಯ ಹಿಂಬದಿಯಲ್ಲಿ ನನ್ನ ಕೈಯಾರೆ ಬರೆದುಕೊಡುವುದು ಇಷ್ಟು: ಬೆರಳಿಟ್ಟು ತೋರಿಸಬಹುದಾದ, ಕ್ಷಣದಲ್ಲಿ ಬಂದುಹೋಗುವ ಚುಚ್ಚುನೋವು ಮೊದಮೊದಲು ಹಲವರಿಗೆ ಇರುತ್ತದೆ, ಎದೆ ಹಿಂಡಿದಂತಾಗಿ ಕೈಗೋ ದವಡೆಗೋ ಹರಡುವ, ಬೆವರು ಅಥವಾ ಏದುಸಿರಿನೊಂದಿಗೆ ಬರುವ ನೋವಾದರೆ, ಬರೀ ಅನುಮಾನವಿದ್ದರೂ, ಕಾಯದೆ ಆಂಬುಲೆನ್ಸ್ ಕರೆಯಬೇಕು. ಇದನ್ನು ಮನೆಯವರ ಎದುರಿಗೇ ಓದಿ ಹೇಳುತ್ತೇನೆ, ಏಕೆಂದರೆ ನಡುರಾತ್ರಿ ನಿರ್ಧಾರ ಮಾಡಬೇಕಾದವರು ಹಲವು ಬಾರಿ ಅವರೇ. ವಾರಗಳು ಕಳೆದರೂ ನಿದ್ದೆ ಬಾರದೆ, ನಡೆದಾಡಲೂ ಅಂಜುವವರನ್ನು ಹೃದಯ ಪುನಶ್ಚೇತನ ತರಗತಿಗೆ ಕಳುಹಿಸುವಂತೆ ವೈದ್ಯರನ್ನು ಕೋರುತ್ತೇನೆ. ನಾಡಿಬಡಿತ ಗಮನಿಸುವವರ ಎದುರಿಗೆ ಮೆಟ್ಟಿಲು ಹತ್ತಿ ಇಳಿದವರಿಗೆ, ನನ್ನ ಮಾತಿನಿಂದ ಬಾರದ ಧೈರ್ಯ ಅಲ್ಲಿ ಬರುವುದನ್ನು ನೋಡಿದ್ದೇನೆ.