ಅಪರ್ಚರ್ ಮತ್ತು ಡೆಪ್ತ್ ಆಫ್ ಫೀಲ್ಡ್ ಅರಿಯುವ ಬಗೆ

ಲೆನ್ಸಿನೊಳಗೆ ಬೆಳಕು ಹಾದುಹೋಗುವ ರಂಧ್ರವೇ ಅಪರ್ಚರ್. ಅದರ ಅಳತೆಯನ್ನು ಸೂಚಿಸುವ ಎಫ್ ಸಂಖ್ಯೆ ದೊಡ್ಡದಾದಂತೆ ರಂಧ್ರ ಕಿರಿದಾಗುವುದರಿಂದ ಹೊಸಬರು ಗೊಂದಲಗೊಳ್ಳುವುದು ಸಹಜ. ಲೆನ್ಸಿನ ನಾಭಿದೂರವನ್ನು (ಫೋಕಲ್ ಲೆಂಗ್ತ್) ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಅದು ಎಂದು ತಿಳಿದರೆ ಗೊಂದಲ ಕರಗುತ್ತದೆ: 50 ಮಿ.ಮೀ. ಲೆನ್ಸಿನಲ್ಲಿ ಎಫ್/2 ಎಂದರೆ 25 ಮಿ.ಮೀ. ವ್ಯಾಸ, ಎಫ್/8 ಎಂದರೆ 6 ಮಿ.ಮೀ.ಗಿಂತ ತುಸು ಹೆಚ್ಚು.

ಫೋಕಸ್ ಮಾಡಿದ ಬಿಂದುವಿನ ಹಿಂದೆ ಮುಂದೆ ಎಷ್ಟು ದೂರದವರೆಗೆ ಚಿತ್ರ ಸ್ಪಷ್ಟವಾಗಿ ಕಾಣುತ್ತದೆಯೋ ಅದು ಡೆಪ್ತ್ ಆಫ್ ಫೀಲ್ಡ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವಂಥದ್ದು) ಇದೇ ಲೆನ್ಸನ್ನು ಎಫ್/2ರಲ್ಲಿಟ್ಟು ಒಂದು ಮೀಟರ್ ದೂರದ ಮುಖವನ್ನು ಸೆರೆಹಿಡಿದರೆ ಈ ಆಳ ಸುಮಾರು 4.5 ಸೆಂ.ಮೀ. ಮಾತ್ರ, ಕಣ್ಣಿನ ರೆಪ್ಪೆಗೂದಲುಗಳನ್ನು ಎಣಿಸಬಹುದಾದರೂ ಕಿವಿ ಮಸುಕಾಗಿರುತ್ತದೆ. ಎಫ್/8ಕ್ಕೆ ಬದಲಾಯಿಸಿದರೆ ಆಳ ಸುಮಾರು 18 ಸೆಂ.ಮೀ.ಗೆ ಹಿಗ್ಗುತ್ತದೆ, ಆದರೆ ಬೆಳಕು ಹದಿನಾರನೇ ಒಂದು ಭಾಗಕ್ಕೆ ಇಳಿಯುವುದರಿಂದ ಶಟರ್ ವೇಗವನ್ನು ತಗ್ಗಿಸಬೇಕು ಇಲ್ಲವೇ ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆ) ಏರಿಸಬೇಕು.

ಅಪರ್ಚರ್ ಒಂದೇ ಇದನ್ನು ನಿರ್ಧರಿಸುವುದಿಲ್ಲ. ವಸ್ತುವಿಗೆ ಹತ್ತಿರವಾದಷ್ಟೂ ಆಳ ಕುಗ್ಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಕಲಿಯುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಹೂವಿನ ಕೇಸರಕ್ಕೆ ತೀರ ಸಮೀಪ ಹೋದಾಗ ಎಫ್/8 ಕೂಡ ಸಾಲದೆ ಹೋಗಬಹುದು. ವಿಶಾಲ ಭೂದೃಶ್ಯಕ್ಕೆ ಎಫ್/8 ಅಥವಾ ಎಫ್/11 ಸಾಮಾನ್ಯವಾಗಿ ಸಾಕು. ಎಫ್/22ರವರೆಗೆ ಹೋದರೆ ಬೆಳಕಿನ ವಿವರ್ತನೆಯಿಂದ (ಕಿರಿದಾದ ರಂಧ್ರ ದಾಟುವಾಗ ಬೆಳಕು ಹರಡಿಕೊಳ್ಳುವುದು) ಇಡೀ ಚಿತ್ರದ ಮೊನಚು ತಗ್ಗುತ್ತದೆ.

ಅಭ್ಯಾಸಕ್ಕಾಗಿ ಕ್ಯಾಮೆರಾವನ್ನು ಅಪರ್ಚರನ್ನು ನಾವು ಆರಿಸಿ ಶಟರ್ ವೇಗವನ್ನು ಕ್ಯಾಮೆರಾಕ್ಕೆ ಬಿಡುವ ಅಪರ್ಚರ್ ಪ್ರಯಾರಿಟಿ ಮೋಡ್‌ಗೆ ಹಾಕಿ, ಟ್ರೈಪಾಡ್ ಮೇಲಿಟ್ಟು, ಫೋಕಸ್ ಕದಲಿಸದೆ ಒಂದೊಂದೇ ಸ್ಟಾಪ್ (ಬೆಳಕು ಅರ್ಧಕ್ಕಿಳಿಯುವ ಅಥವಾ ಇಮ್ಮಡಿಯಾಗುವ ಒಂದು ಹಂತ) ಬದಲಾಯಿಸುತ್ತ ಒಂದೇ ದೃಶ್ಯವನ್ನು ತೆಗೆದು ಹೋಲಿಸಿ ನೋಡಿ.