ಹಳೆಯ ವಿಹಾರನೌಕೆಗೆ ತೇಗದ ಡೆಕ್: ಸಂದು ತುಂಬುವ ಮುನ್ನ ಇದನ್ನು ಓದಿ

ತೇಗದ ಡೆಕ್, ಅಂದರೆ ನೌಕೆಯ ಮೇಲ್ಹಾಸು, ಸೋರತೊಡಗಿದರೆ ಎಲ್ಲರೂ ಮೊದಲು ದೂರುವುದು ಮರವನ್ನು. ಪಾಪ, ಮರದ ತಪ್ಪು ಬಹಳ ಅಪರೂಪ. ಬಾಂಬೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಡೆಕ್ಕಿನಲ್ಲಿ ಸೋರುವುದು ಹಲಗೆಗಳ ನಡುವಿನ ಸಂದು. ಸಂದು ಬಿಡಲು ಕಾರಣ ಅದನ್ನು ತುಂಬಿದವರ ಅವಸರ. ವಾರಗಟ್ಟಲೆ ಕೂತು ಹಲಗೆಯನ್ನು ಕೂದಲೆಳೆಯಷ್ಟು ನಿಖರವಾಗಿ ಕೂರಿಸಿದ ಬಡಗಿಗಳೇ ಕೊನೆಯ ಎರಡು ದಿನಗಳಲ್ಲಿ ಸಂದು ತುಂಬುವ ಕೆಲಸವನ್ನು ಹುಡುಗರಿಗೆ ಒಪ್ಪಿಸಿ ಹೋಗುವುದನ್ನು ನೋಡಿದ್ದೇನೆ. ಅದಕ್ಕಾಗಿಯೇ ಈ ಲೇಖನದಲ್ಲಿ ಉಳಿದದ್ದೆಲ್ಲ ಚುಟುಕು, ಸಂದಿನ ಮಾತು ಮಾತ್ರ ದೀರ್ಘ.

ಸ್ಕಾಟ್ಲೆಂಡಿನ ಫೇರ್ಲಿಯಲ್ಲಿ ವಿಲಿಯಂ ಫೈಫ್, ಅಮೆರಿಕದ ಬ್ರಿಸ್ಟಲ್‌ನಲ್ಲಿ ನಥಾನಿಯಲ್ ಹೆರೆಶಾಫ್ ಕಟ್ಟಿದಂಥ ಮರದ ನೌಕೆಗಳ ಕಾಲದಲ್ಲಿ ದಪ್ಪ ಹಲಗೆಗಳನ್ನು ನೇರವಾಗಿ ಅಡ್ಡತೊಲೆಗಳ ಮೇಲೆ ಹೊಡೆಯುತ್ತಿದ್ದರು. ತೂಕ ಉಳಿಸಲೆಂದು ಪಂದ್ಯದ ನೌಕೆಗಳಿಗೆ ಅನೇಕ ವೇಳೆ ಪೈನ್ ಹಾಸುತ್ತಿದ್ದರು. ಇಂದು ಜೀರ್ಣೋದ್ಧಾರ ಮಾಡುವ ಅಂಗಳಗಳಲ್ಲಿ ಹೆಚ್ಚಾಗಿ ನಡೆಯುವುದು ಬೇರೆ ವಿಧಾನ. ಕೆಳಗೆ ನೀರು ಬಿಡದ ಪ್ಲೈವುಡ್ ತಳಹಾಸು, ಅದರ ಮೇಲೆ ಅಂಟಿನಿಂದ ಕೂರಿಸಿದ 10–12 ಮಿಲಿಮೀಟರ್ ದಪ್ಪದ ತೇಗ. ಇಲ್ಲಿ ವಿವರಿಸುವುದು ಈ ವಿಧಾನವನ್ನೇ.

1. ಮರ ಆರಿಸುವುದು

ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ನಿಲ್ಲುವಂತೆ ಸೀಳಿದ ತೇಗವನ್ನೇ ಕೊಳ್ಳಿ. ಬೆಲೆ ಹೆಚ್ಚು, ಮರ ಪೋಲಾಗುವುದೂ ಹೆಚ್ಚು. ಆದರೂ ಇದರಲ್ಲಿ ರಾಜಿ ಬೇಡ. ಲೆಕ್ಕ ಸರಳ. ಹಸಿ ಇರುವಾಗಿನಿಂದ ಪೂರ್ತಿ ಒಣಗುವ ತನಕ ತೇಗ ಉಂಗುರಗಳಿಗೆ ಅಡ್ಡಲಾಗಿ ಸುಮಾರು ಶೇ 2.5ರಷ್ಟು ಕುಗ್ಗಿದರೆ, ಉಂಗುರಗಳ ಗುಂಟ ಸುಮಾರು ಶೇ 5.8ರಷ್ಟು ಕುಗ್ಗುತ್ತದೆ. ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಮರದ ತೇವಾಂಶ ಆರು ಅಂಶದಷ್ಟು ಏರಿಳಿಯಿತು ಎಂದುಕೊಳ್ಳಿ. ಸರಿಯಾಗಿ ಸೀಳಿದ 45 ಮಿಲಿಮೀಟರ್ ಅಗಲದ ಹಲಗೆ ಕಾಲು ಮಿಲಿಮೀಟರಿಗಿಂತ ಕಡಿಮೆ ಅಲುಗುತ್ತದೆ. ಅಡ್ಡಾದಿಡ್ಡಿ ಸೀಳಿದ 100 ಮಿಲಿಮೀಟರ್ ಹಲಗೆಯ ಚಲನೆ ಒಂದು ಮಿಲಿಮೀಟರ್ ದಾಟುತ್ತದೆ. ಐದು ಮಿಲಿಮೀಟರಿನ ಸಂದು ಈ ಎಳೆದಾಟವನ್ನು ಎಷ್ಟು ವರ್ಷ ತಾಳೀತು?

ಹಲಗೆಯ ತೇವಾಂಶ ಶೇ 10ರಿಂದ 12ರ ಒಳಗಿರಲಿ. ಮೀಟರ್ ಇಲ್ಲದೆ ಕೈಯಲ್ಲಿ ಮುಟ್ಟಿ ಹೇಳುವವರನ್ನು ನಂಬಬೇಡಿ. ಎಲ್ಲಿಯ ಮರ ಎಂಬುದನ್ನೂ ಕೇಳಿ. ಮ್ಯಾನ್ಮಾರಿನ ಸರ್ಕಾರಿ ಮರ ಸಂಸ್ಥೆಯ ಮೇಲೆ ಯುರೋಪಿಯನ್ ಒಕ್ಕೂಟ 2021ರಲ್ಲಿ ನಿರ್ಬಂಧ ಹೇರಿದ ಮೇಲೆ ‘ಅಪ್ಪಟ ಬರ್ಮಾ ತೇಗ’ ಎಂದು ಕಿವಿಯಲ್ಲಿ ಹೇಳುವ ವ್ಯಾಪಾರಿ ಕಾಗದಪತ್ರ ತೋರಿಸಲೇಬೇಕು. ನೆಡುತೋಪಿನ ತೇಗವೂ ನಡೆಯುತ್ತದೆ; ಮರದ ನಡುವಿನ ಗಟ್ಟಿ ತಿರುಳು ಮಾತ್ರ ಇರಲಿ, ತೊಗಟೆಯ ಪಕ್ಕದ ಬಿಳಿಮರ ಒಂದು ಗೆರೆಯಷ್ಟೂ ಬೇಡ.

2. ತಳಹಾಸು

ಸಮುದ್ರದರ್ಜೆಯ ಪ್ಲೈವುಡ್, ಎರಡು ಪದರ, ಜೋಡಣೆಗಳು ಒಂದರ ಮೇಲೊಂದು ಬಾರದಂತೆ. ಮೇಲೆ ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಮತ್ತು ಗಾಜಿನೆಳೆಯ ಬಟ್ಟೆ. ನಿಮ್ಮ ದೋಣಿಗೆ ನೀರು ಬಿಡದಂತೆ ಕಾಯುವುದು ನಿಜಕ್ಕೂ ಈ ಪದರವೇ. ಆದ್ದರಿಂದ ತೇಗ ಬರುವ ಮುಂಚೆ ಇದರ ಮೇಲೆ ನೀರು ಸುರಿದು ಪರೀಕ್ಷಿಸಿ.

3. ಹಲಗೆ ಕೂರಿಸುವುದು

ಮೊದಲು ದೋಣಿಯ ಅಂಚಿನುದ್ದಕ್ಕೂ ಬರುವ ಅಂಚುಹಲಗೆ ಮತ್ತು ಮೂತಿಯಿಂದ ಹಿಂಬದಿಗೆ ಹೋಗುವ ನಡುಹಲಗೆ. ಉಳಿದ ಹಲಗೆಗಳು ಅಂಚಿನ ಬಾಗನ್ನು ಅನುಸರಿಸಿ ಬಾಗುತ್ತ ಬಂದು ನಡುಹಲಗೆಗೆ ಓರೆಯಾಗಿ ಸೇರುತ್ತವೆ. ಹಾಗೆ ಸೇರುವಲ್ಲಿ ತುದಿಯನ್ನು ಚೂಪಾಗಿ ಬಿಟ್ಟರೆ ಒಂದೆರಡು ವರ್ಷಗಳಲ್ಲಿ ಮೊನೆ ಒಡೆದು ಮೇಲೇಳುತ್ತದೆ. ಓರೆಕಡಿತದ ಉದ್ದ ಹಲಗೆಯ ಅಗಲದ ಎರಡು ಪಟ್ಟು ಮೀರಿತೋ, ತುದಿಯನ್ನು ಮೊಂಡಾಗಿ ಕತ್ತರಿಸಿ, ಅದು ಕೂರುವಷ್ಟು ಕಚ್ಚನ್ನು ನಡುಹಲಗೆಯಲ್ಲಿ ಕೊರೆಯಬೇಕು. ಮೊಂಡುತುದಿ ಹಲಗೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಇದ್ದರೆ ಕಣ್ಣಿಗೂ ಚೆಂದ, ಬಾಳಿಕೆಗೂ ಒಳ್ಳೆಯದು. ಎಡಬಲಗಳ ಕಚ್ಚುಗಳು ಒಂದಕ್ಕೊಂದು ಎದುರುಬದುರಾಗಿ ಬರಲೇಬೇಕು. ಬಾರದಿದ್ದರೆ ಅಳತೆ ಎಲ್ಲೋ ತಪ್ಪಿದೆ, ಮುಂದುವರಿಯಬೇಡಿ.

ತೇಗದಲ್ಲಿ ಎಣ್ಣೆಯ ಅಂಶವಿದೆ. ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನಿನಿಂದ ಒರೆಸಿ. ಬಟ್ಟೆಯನ್ನು ಮೇಲಿಂದ ಮೇಲೆ ಬದಲಿಸಿ, ಇಲ್ಲದಿದ್ದರೆ ಒಂದು ಕಡೆಯ ಎಣ್ಣೆಯನ್ನು ಇನ್ನೊಂದು ಕಡೆಗೆ ಬಳಿದಂತಾಗುತ್ತದೆ. ಬೆಳಿಗ್ಗೆ ಒರೆಸಿಟ್ಟು ಸಂಜೆ ಅಂಟಿಸುವುದು ವ್ಯರ್ಥ, ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ. ಈ ಮರದಲ್ಲಿ ಸಿಲಿಕಾ ಕೂಡ ಇರುವುದರಿಂದ ಸಾದಾ ಉಕ್ಕಿನ ಗರಗಸದ ಅಲಗು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ಹಲ್ಲಿನದನ್ನೇ ಬಳಸಿ.

ತೇಗದ ಮೂಲಕ ಸ್ಕ್ರೂ ಹೊಡೆಯಬೇಡಿ. ಎಪ್ಪತ್ತು–ಎಂಬತ್ತರ ದಶಕಗಳ ಎಷ್ಟೋ ಫೈಬರ್‌ಗ್ಲಾಸ್ ನೌಕೆಗಳ ಡೆಕ್ಕಿಗೆ ಸಾವಿರಾರು ಸ್ಕ್ರೂ ಹೊಡೆದು ಮೇಲೆ ಮರದ ಬಿರಡೆ ಮುಚ್ಚಿದರು. ಮೇಲಿನ ತೇಗ ಸವೆದಂತೆ ಬಿರಡೆ ಉದುರಿತು, ಪ್ರತಿ ಸ್ಕ್ರೂ ಫೈಬರ್‌ಗ್ಲಾಸ್ ಪದರಗಳ ನಡುವಿನ ತಿರುಳಿಗೆ ನೀರು ಇಳಿಸುವ ಕೊಳವೆಯಾಯಿತು. ಹಲಗೆಯನ್ನು ಒತ್ತಿಹಿಡಿಯಲೇಬೇಕಾದರೆ ಸಂದಿನ ಗೆರೆಯಲ್ಲಿ ದೊಡ್ಡ ವಾಷರ್ ಹಾಕಿ ತಾತ್ಕಾಲಿಕ ಸ್ಕ್ರೂ ಬಿಗಿಯಿರಿ. ಅಂಟು ಗಟ್ಟಿಯಾದ ಮೇಲೆ ತೆಗೆದು, ತೂತುಗಳನ್ನು ಒಂದೂ ಬಿಡದೆ ಎಪಾಕ್ಸಿಯಿಂದ ತುಂಬಿ.

4. ಸಂದು ತುಂಬುವುದು

ಸಂದಿನ ಅಗಲ 4ರಿಂದ 6 ಮಿಲಿಮೀಟರ್, ಆಳವೂ ಹೆಚ್ಚುಕಡಿಮೆ ಅಷ್ಟೇ. ಹಲಗೆಯ ಒಂದು ಅಂಚಿನಲ್ಲಿ ಮೊದಲೇ ಮೆಟ್ಟಿಲಿನಂತೆ ಕೊರೆದಿದ್ದರೆ ಅಕ್ಕಪಕ್ಕದ ಹಲಗೆಗಳನ್ನು ತಳದಲ್ಲಿ ತಾಗಿಸಿಟ್ಟಾಗ ಸಂದು ತಾನೇ ಸಮವಾಗಿ ಬರುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ, ಗೊತ್ತಿದ್ದವರೂ ಬಿಡುವ ಸಂಗತಿ ಇದು: ಸೀಲಂಟ್, ಅಂದರೆ ಸಂದಿಗೆ ತುಂಬುವ ರಬ್ಬರಿನಂಥ ಅಂಟು, ಎಡ ಮತ್ತು ಬಲದ ಗೋಡೆಗಳಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಲೇಬಾರದು. ಮರ ಕುಗ್ಗಿದಾಗ ಸಂದು ಅಗಲವಾಗುತ್ತದೆ. ಆಗ ರಬ್ಬರ್ ಅಡ್ಡಕ್ಕೆ ಹಿಗ್ಗಿ, ನಡುವೆ ತೆಳ್ಳಗಾಗಿ ಹೊಂದಿಕೊಳ್ಳುತ್ತದೆ. ತಳವೂ ಅಂಟಿದ್ದರೆ ಅದು ತೆಳ್ಳಗಾಗಲು ಎಡೆಯೇ ಇರುವುದಿಲ್ಲ. ಎಳೆತವೆಲ್ಲ ಮೂಲೆಯ ಮೇಲೆ ಬಿದ್ದು ಒಂದು ಗೋಡೆಯಿಂದ ಕಿತ್ತು ಬರುತ್ತದೆ. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಡೆಕ್ ತೊಳೆದು ಬಿಸಿಲಿಗೆ ಬಿಟ್ಟಾಗ ಸುತ್ತಲೂ ಒಣಗಿದರೂ ಸಂದಿನ ಪಕ್ಕದಲ್ಲಿ ಒದ್ದೆಯ ಗೆರೆ ಉಳಿದರೆ, ಅಲ್ಲಿ ಬಿಟ್ಟಿದೆ ಎಂದೇ ಅರ್ಥ.

ಇದಕ್ಕೆ ಪರಿಹಾರ ತಳದಲ್ಲಿ ಹಾಸುವ ತೆಳುವಾದ ತಡೆಪಟ್ಟಿ, ಸೀಲಂಟ್ ಹಿಡಿಯದ ಒಂದು ಟೇಪು. ಸಂದಿನಷ್ಟೇ ಅಗಲದ್ದು ಬೇಕು. ಅಗಲ ಹೆಚ್ಚಾದರೆ ಟೇಪು ಗೋಡೆಯ ಮೇಲೆ ಹತ್ತಿ ಅಂಟುವ ಜಾಗವನ್ನೇ ಕದಿಯುತ್ತದೆ. ಪಟ್ಟಿ ಹಾಸುವ ಮುಂಚೆ ಸಂದಿನ ಧೂಳನ್ನು ವ್ಯಾಕ್ಯೂಮಿನಿಂದ ಎಳೆದು, ಗೋಡೆಗಳನ್ನು ಅಸಿಟೋನಿನಿಂದ ಒರೆಸಿ. ಕಂಪ್ರೆಸರಿನಿಂದ ಗಾಳಿ ಊದಬೇಡಿ. ಅದರಲ್ಲಿ ಎಣ್ಣೆಯ ಹನಿ ಇರುತ್ತದೆ. ತಯಾರಕರು ಪ್ರೈಮರ್ (ಸೀಲಂಟ್ ಚೆನ್ನಾಗಿ ಹಿಡಿಯಲೆಂದು ಮೊದಲು ಬಳಿಯುವ ದ್ರವ) ಹೇಳಿದ್ದರೆ ಅದೇ ಕಂಪನಿಯದನ್ನು ಹಚ್ಚಿ, ಅವರು ಹೇಳಿದಷ್ಟು ಹೊತ್ತು ಕಾಯಿರಿ. ಪ್ರೈಮರ್ ಬಿಟ್ಟರೂ ನಡೆಯುತ್ತದೆ ಎನ್ನುವ ಸಲಹೆ ಎಲ್ಲ ಹಡಗುಕಟ್ಟೆಗಳಲ್ಲೂ ಪುಕ್ಕಟೆಯಾಗಿ ಸಿಗುತ್ತದೆ. ಒಂದು ಋತು ನಡೆಯುತ್ತದೆ, ನಿಜ.

ಯಾವ ಸೀಲಂಟ್? ಡೆಕ್ಕಿಗೆಂದೇ ತಯಾರಾದದ್ದು. ಸಿಕಾಫ್ಲೆಕ್ಸ್ 290 ಡಿಸಿ ಅಂಥದ್ದೊಂದು. ಎರಡು ಭಾಗ ಬೆರೆಸುವ ಪಾಲಿಸಲ್ಫೈಡ್ ಹಳೆಯ ನಂಬಿಕೆಯ ವಸ್ತು, ಆದರೆ ಬೆರೆಸುವಾಗ ಗಾಳಿ ಸೇರಿಸುವವರೇ ಹೆಚ್ಚು. ಒಂದೇ ಟ್ಯೂಬಿನದೇ ಲೇಸು ಎಂಬುದು ನನ್ನ ಹಟ. ಕಟ್ಟಡಕ್ಕೆ ಬಳಸುವ ಸಾದಾ ಪಾಲಿಯುರೆಥೇನ್ ಬಿಸಿಲಿನಲ್ಲಿ ಪುಡಿಯಾಗುತ್ತದೆ. ಬಚ್ಚಲುಮನೆಯ ಅಗ್ಗದ ಸಿಲಿಕೋನ್ ಅದಕ್ಕಿಂತ ಕೆಟ್ಟದ್ದು. ಅದು ಬಿಟ್ಟುಹೋದ ಜಿಡ್ಡಿನ ಮೇಲೆ ಮುಂದೆ ಯಾವುದೂ ಹಿಡಿಯುವುದಿಲ್ಲ. ಟ್ಯೂಬಿನ ಮೇಲಿನ ದಿನಾಂಕ ನೋಡಿ. ಅವಧಿ ಮೀರಿದ್ದನ್ನು ರಿಯಾಯಿತಿಯಲ್ಲಿ ಕೊಳ್ಳುವ ಆಸೆ ಬೇಡ, ಅದು ತಿಂಗಳು ಕಳೆದರೂ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿದೀತು.

ಹೊತ್ತನ್ನೂ ಆರಿಸಿಕೊಳ್ಳಬೇಕು. ಬೆಳಿಗ್ಗೆ ಬಿಸಿಲೇರುವಾಗ ಮರ ಕಾದು ಅದರ ರಂಧ್ರಗಳಲ್ಲಿನ ಗಾಳಿ ಹಿಗ್ಗಿ, ಇನ್ನೂ ಮೆತ್ತಗಿರುವ ಸೀಲಂಟಿನೊಳಗೆ ಗುಳ್ಳೆಯಾಗುತ್ತದೆ. ಮಧ್ಯಾಹ್ನ ಕಳೆದು ಮರ ತಣಿಯತೊಡಗಿದ ಮೇಲೆ, ಚಪ್ಪರದ ನೆರಳಿನಲ್ಲಿ ಶುರುಮಾಡಿ. ಮಳೆಯ ಸುಳಿವಿದ್ದರೆ ಅಂದು ಬೇರೆ ಕೆಲಸ ನೋಡಿಕೊಳ್ಳಿ.

ಟ್ಯೂಬಿನ ಮೂತಿಯನ್ನು ಸಂದಿನ ತಳ ಮುಟ್ಟುವಂತೆ ಕತ್ತರಿಸಿ. ಮೂತಿ ತಳದಲ್ಲೇ ಇರಲಿ. ಸೀಲಂಟ್ ತಳದಿಂದ ಮೇಲಕ್ಕೆ ತುಂಬಿ ಉಕ್ಕಬೇಕು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುವುದು ಖಂಡಿತ. ಒಂದು ಸಂದು ಶುರುವಾದರೆ ಕೊನೆ ಮುಟ್ಟುವ ತನಕ ನಿಲ್ಲಿಸಬೇಡಿ. ನಿಮ್ಮ ಹಿಂದೆಯೇ ಇನ್ನೊಬ್ಬರು ಅಲಗಿನಂಥ ಪಟ್ಟಿಯನ್ನು ಓರೆಯಾಗಿ ಹಿಡಿದು ಗಟ್ಟಿಯಾಗಿ ಒತ್ತುತ್ತ, ಒಂದೇ ಎಳೆತದಲ್ಲಿ ಬರಬೇಕು. ಮರದ ಮಟ್ಟಕ್ಕಿಂತ ತುಸು ಉಬ್ಬಿಯೇ ಇರಲಿ, ಅದು ಒಣಗುವಾಗ ಕುಗ್ಗುತ್ತದೆ. ಸೋಪಿನ ನೀರಿನ ಬೆರಳಲ್ಲಿ ಸವರುವ ಚಾಳಿ ಇಲ್ಲಿ ಬೇಡ. ಸಂದಿನ ಇಕ್ಕೆಲಕ್ಕೂ ಮಾಸ್ಕಿಂಗ್ ಟೇಪು ಅಂಟಿಸುವವರಿದ್ದಾರೆ. ಹೇಗೂ ಡೆಕ್ ಪೂರ್ತಿ ಉಜ್ಜಬೇಕಾದ್ದರಿಂದ ನನ್ನ ಕಣ್ಣಿಗೆ ಅದು ದುಡ್ಡು ದಂಡ.

ಇಡೀ ಡೆಕ್ಕಿಗೆ ಕೈಹಾಕುವ ಮೊದಲು ತುಂಡುಮರದ ಮೇಲೆ ಇದನ್ನೆಲ್ಲ ಮಾಡಿ ಗಟ್ಟಿಯಾಗಲು ಬಿಡಿ. ಆಮೇಲೆ ಚಾಕುವಿನಿಂದ ತುದಿ ಬಿಡಿಸಿ ಎಳೆಯಿರಿ. ರಬ್ಬರೇ ಹರಿದರೆ ಸರಿ. ಮರದಿಂದ ಸಲೀಸಾಗಿ ಸುಲಿದು ಬಂದರೆ ಪ್ರೈಮರಿನಲ್ಲೋ ಶುಚಿಯಲ್ಲೋ ದೋಷವಿದೆ.

5. ಉಜ್ಜುವುದು

ಪೂರ್ತಿ ಗಟ್ಟಿಯಾಗುವ ತನಕ, ಅಂದರೆ ಕನಿಷ್ಠ ಒಂದು ವಾರ, ಮುಟ್ಟಬೇಡಿ. ಬೇಗ ಉಜ್ಜಿದರೆ ರಬ್ಬರ್ ಕಿತ್ತು ಬಂದು ಮರಕ್ಕೆಲ್ಲ ಕಪ್ಪು ಬಳಿಯುತ್ತದೆ. 80ರ ಸ್ಯಾಂಡ್‌ಪೇಪರಿನಲ್ಲಿ ಶುರುಮಾಡಿ 120ಕ್ಕೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಒದ್ದೆ ಡೆಕ್ಕಿನಲ್ಲಿ ಕಾಲು ಜಾರುತ್ತದೆ. ಉಜ್ಜಿದಾಗ ಗುಳ್ಳೆಗಳು ತೆರೆದುಕೊಂಡರೆ ಅಷ್ಟು ಭಾಗವನ್ನು ಕತ್ತರಿಸಿ ತೆಗೆದು ಮತ್ತೆ ತುಂಬಿ. ಮೇಲೆ ಸವರಿ ಮುಚ್ಚುವ ತೇಪೆ ನಿಲ್ಲುವುದಿಲ್ಲ.

6. ಆಮೇಲೆ

ತೇಗ ಬೂದುಬಣ್ಣಕ್ಕೆ ತಿರುಗಲಿ, ಬಿಡಿ. ಅಂಗಡಿಯವರು ಕೊಡುವ ತೇಗದೆಣ್ಣೆಯ ಡಬ್ಬಿ ಡೆಕ್ಕಿಗೆ ಬೇಕಾಗಿಲ್ಲ; ಅದು ಧೂಳನ್ನು ಹಿಡಿದು ಕಪ್ಪಾಗುತ್ತದೆ. ಎರಡು ಬಾಟಲಿಯ ಆಮ್ಲದ ಕ್ಲೀನರ್ ಮರದ ಮೆತ್ತನೆಯ ಭಾಗವನ್ನು ತಿಂದು ಗೀರುಗೀರಾಗಿಸುತ್ತದೆ, ಒತ್ತಡದ ನೀರಿನ ಯಂತ್ರದ್ದೂ ಅದೇ ಕಥೆ. ಬಕೆಟ್ಟಿನಲ್ಲಿ ಸಮುದ್ರದ ನೀರು, ಮೆತ್ತನೆಯ ಬ್ರಷ್, ಎಳೆಗಳಿಗೆ ಅಡ್ಡಲಾಗಿ ಹಗುರವಾಗಿ ತಿಕ್ಕುವುದು, ಇಷ್ಟೇ ಸಾಕು. ವರ್ಷಗಳು ಕಳೆದು ಮರ ಸವೆದು ಸಂದಿನ ಆಳ ಮೂರು ಮಿಲಿಮೀಟರಿಗೆ ಇಳಿದಾಗ, ಮೇಲಿನ ತೇಗದಲ್ಲಿ ಇನ್ನೂ ದಪ್ಪ ಉಳಿದಿದ್ದರೆ, ಹಳೆಯ ಸೀಲಂಟ್ ಕಿತ್ತು ರೂಟರ್ ಎಂಬ ಮರ ಕೊರೆಯುವ ಯಂತ್ರದಿಂದ ಸಂದನ್ನು ಮತ್ತೆ ಆಳಮಾಡಿ, ತಡೆಪಟ್ಟಿಯಿಂದ ಹಿಡಿದು ನಾಲ್ಕನೆಯ ಹಂತವನ್ನು ಪೂರ್ತಿ ಮತ್ತೊಮ್ಮೆ ಮಾಡಿ.