ಅಮೆರಿಕಾದ ಹುಡುಗಿ ನಮ್ಮನಿಯೊಳಗ ಒಂದು ಸೆಮಿಸ್ಟರ್ ಇದ್ದದ್ದು

ನಾವು ಮೂಲ ಧಾರವಾಡದವ್ರು, ಪುಣೆಕ್ಕ ಬಂದು 22 ವರ್ಷ ಆತು, ಇರೂದು ಕೋಥ್ರೂಡದೊಳಗ. 2023ರ ಆಗಸ್ಟದಿಂದ ಡಿಸೆಂಬರ್ ತನಕ ನಮ್ಮನಿಯೊಳಗ ಅಮೆರಿಕಾದ ಕಾನ್ಸಾಸ್ ರಾಜ್ಯದ ಒಬ್ಬ ಕಾಲೇಜ್ ಹುಡುಗಿ ಇದ್ಲು. ಅಲ್ಲಿ ಕಾಲೇಜಿನವ್ರು ಮಕ್ಕಳನ್ನ ಒಂದು ಸೆಮಿಸ್ಟರ್ ಇಲ್ಲೆ ಓದಾಕ ಕಳಸ್ತಾರ, ಹಗಲೆಲ್ಲಾ ಪುಣೆದ ಡೆಕ್ಕನ್ ಭಾಗದಾಗ ಕ್ಲಾಸು, ಊಟಾ ವಸತಿ ಒಂದು ಮನಿಯೊಳಗ, ಮರಾಠಿ ಕಲಿಯೂದೂ ಅದರಾಗ ಒಂದು ಸಬ್ಜೆಕ್ಟು. ಈಗ ನಮ್ಮ ಬಿಲ್ಡಿಂಗಿನವ್ರು, ಪರಿಚಯದ ಕನ್ನಡದವ್ರು ಮೂರ್ನಾಕು ಮಂದಿ "ನಾವೂ ಹಿಂಗ ಯಾರನ್ನರೆ ಇಟ್ಕೋಬೇಕಂತ ಮಾಡೀವಿ, ನೀವು ಹೆಂಗ ಮಾಡಿದ್ರಿ" ಅಂತ ಕೇಳಿದ್ರು, ಅದಕ್ಕ ನೆನಪಿದ್ದಷ್ಟು ಬರೀತೀನಿ. ಆಕಿ ಹೆಸರು ಬರಿಯಂಗಿಲ್ಲ, ನಮ್ಮ ಅತ್ತಿಯವ್ರು ಕರೀತಿದ್ದಂಗ ತಂಗಿ ಅಂತನ ಬರೀತೀನಿ. ನನಗ ಆಕಿ ಕಾಕು, ಅಂದ್ರ ಚಿಕ್ಕಮ್ಮ, ಅಂತಿದ್ಲು, ಅದು ಮರಾಠಿಗೂ ನಡೀತದ ನಮ್ಮ ಕಡೆಗೂ ನಡೀತದ.

ಮಗಳು ಬೆಂಗಳೂರಿಗೆ ನೌಕರಿಗೆ ಹೋದ ಮ್ಯಾಲೆ ಆಕಿ ರೂಮು ಖಾಲಿ ಇತ್ತು. ಮನಿ ನೋಡಾಕ ಬಂದ ಈ ಕಾಲೇಜ್ ಪ್ರೋಗ್ರಾಮಿನ ಮೇಡಮ್ಮನವ್ರಿಗೆ ನಾನು ಮೊದಲೇ ಹೇಳಿದೆ, ನಾವು ಮನಿಯೊಳಗ ಕನ್ನಡ ಮಾತಾಡ್ತೀವಿ, ಆಕಿ ಜೋಡಿ ಮರಾಠಿ ಮಾತಾಡ್ತೀವಿ, ನಡೀತದೇನು ಅಂತ. ನಡೀತದ ಅಂದ್ರು. ಆದ್ರ ಒಂದು ಮುಖ್ಯ ಮಾತು ಅವ್ರು ಹೇಳಲೇ ಇಲ್ಲ, ಪರದೇಶದವ್ರನ್ನ ಮನಿಯೊಳಗ ಇಟ್ಕೊಂಡ್ರ 24 ತಾಸಿನೊಳಗ ಅವ್ರ ಮಾಹಿತಿ ಸರ್ಕಾರಕ್ಕ ಕೊಡೂ ಫಾರ್ಮ್ (ಆವಾಗ ಅದಕ್ಕ ಸಿ ಫಾರ್ಮ್ ಅಂತಿದ್ರು) ಆನ್‌ಲೈನ್ ತುಂಬಬೇಕು, ಅದು ಇಟ್ಕೊಂಡವರ ಜವಾಬ್ದಾರಿ. ನಮ್ಮನಿಯವ್ರ ಆಫೀಸಿನವ್ರೊಬ್ರು ಮಾತಿಗೆ ಮಾತು ಬಂದು ಹೇಳಿದ್ದಕ್ಕ ಆತು, ಅವತ್ತ ರಾತ್ರಿ ಕೂತು ಪಾಸ್‌ಪೋರ್ಟು ವೀಸಾ ನಂಬರ್ ಎಲ್ಲಾ ಹಾಕಿ ಕಳಿಸಿದ್ವಿ. ನೀವು ಯಾರ ಮ್ಯಾಲೂ ಬಿಡಬ್ಯಾಡ್ರಿ, ನೀವ ಕೇಳ್ರಿ, ಮೊದಲೇ ಲಾಗಿನ್ ಮಾಡಿ ಇಟ್ಕೋರಿ.

ರೂಮಿಗೆ ಏನು ಬೇಕಾತು ಅಂದ್ರ ಒಂದು ಟೇಬಲ್ಲು, ಕಿಡಕಿಗೆ ಸೊಳ್ಳಿ ಜಾಳಗಿ, ಬಾಗಿಲಕ್ಕ ಒಳಗಿನಿಂದ ಚಿಲಕ. ಈ ಚಿಲಕದ ಮಾತು ಮುಂದ ಬರ್ತದ.

ಊಟದ ವಿಷಯಕ್ಕ ಬರ್ತೀನಿ. ನಮ್ಮ ಕಡೆ ಊಟಕ್ಕ ಕೂತವ್ರಿಗೆ ಒತ್ತಾಯ ಮಾಡಿ ಹಾಕದಿದ್ರ ಅದು ಊಟನ ಅಲ್ಲ, ಅವ್ರು ಬ್ಯಾಡ ಅನ್ನಬೇಕು, ನಾವು ಹಾಕಬೇಕು, ಮತ್ತ ಕೈ ಅಡ್ಡ ಹಿಡೀಬೇಕು, ಆವಾಗ ಅರ್ಧ ಹಾಕಿ ಬಿಡಬೇಕು. ಇದು ಆಕಿಗೆ ಹೆಂಗ ಗೊತ್ತಾಗಬೇಕು. ಮೊದಲ ವಾರ ಹಾಕಿದ್ದೆಲ್ಲಾ ಉಂಡ್ಲು, ಅತ್ತಿಯವ್ರು "ಪಾಪ ಹಸಿವಾಗಿತ್ತು" ಅಂತ ಇನ್ನಷ್ಟು ಹಾಕಿದ್ರು, ನಾನೂ ಖುಷಿಯಿಂದ ಹಾಕಿದೆ, ಹತ್ತನೇ ದಿನ ಹೊಟ್ಟಿ ಪೂರಾ ಕೆಟ್ಟು ಆಕಿ ಎರಡು ದಿನ ಹಾಸಿಗಿ ಬಿಟ್ಟು ಏಳಲಿಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಾ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು, ಅದನ್ನ ತಾಸಿಗೊಮ್ಮೆ ಕುಡಿಸಿದೆ, ಗಂಜಿ ಮಜ್ಜಿಗಿ ಕೊಟ್ಟೆ, ಡಾಕ್ಟರ ಹಂತೇಕನೂ ಕರಕೊಂಡು ಹೋದೆ. ಆಮ್ಯಾಲೆ ಅಳಕೋತ ಹೇಳಿದ್ಲು, ಕಾಕು, ಬ್ಯಾಡ ಅಂದ್ರ ನಿಮಗ ಬ್ಯಾಸರ ಆಗ್ತದ ಅಂತ ತಿಳ್ಕೊಂಡಿದ್ದೆ ಅಂತ. ನನಗ ಭಾಳ ಕೆಟ್ಟ ಅನಿಸ್ತು, ನಾನು ಪ್ರೀತಿ ಅಂತ ಮಾಡಿದ್ದು ಆಕಿಗೆ ಪರೀಕ್ಷಾ ಆಗಿತ್ತು. ಅವತ್ತ ಆಕಿಗೆ ಕಲಿಸಿದ ಮೊದಲ ಕನ್ನಡ ಶಬ್ದ "ಸಾಕು". ಒಮ್ಮೆ ಸಾಕು ಅಂದ್ರ ಸೌಟು ಹಿಂದ ತಗೀಬೇಕು ಅಂತ ಮನಿಯವರಿಗೆಲ್ಲಾ ಹೇಳಿದೆ, ಅತ್ತಿಯವ್ರಿಗೆ ಸ್ವಲ್ಪ ಕಷ್ಟ ಆತು ಆದ್ರ ಪಾಲಿಸಿದ್ರು. ಅದ ಶಬ್ದ ಆಕಿ ಒಂದ ದಿನ ಮರಾಠಿ ಕ್ಲಾಸಿನ್ಯಾಗ "ಪುರೇ" ಅನ್ನೂ ಬದ್ಲಿ ಅಂದಳಂತ, ಟೀಚರ್ ಕೇಳಿದ್ರಂತ, ನೀ ಯಾರ ಮನ್ಯಾಗ ಇದ್ದಿ ಅಂತ.

ಇನ್ನ ಚಿಲಕ. ಸಂಜಿಕ ಬಂದು ರೂಮಿಗೆ ಹೋಗಿ ಬಾಗಲಾ ಹಾಕ್ಕೋತಿದ್ಲು, ಒಂದು ತಾಸು ಹೊರಗ ಬರ್ತಿದ್ದಿಲ್ಲ. ನಮ್ಮ ಮನಿಯೊಳಗ ಬಾಗಲಾ ಹಾಕಿದ್ರ ಸಿಟ್ಟು ಇಲ್ಲಾ ಜ್ವರ, ಮೂರನೇದು ಏನೂ ಇಲ್ಲ. ಅತ್ತಿಯವ್ರು ನಾಕು ಸರ್ತೆ ಹೋಗಿ ಬಾಗಲಾ ಬಡಿದು ಏನಾತು ತಂಗಿ, ಏನಾತು ತಂಗಿ ಅಂತ ಕೇಳ್ತಿದ್ರು. ಕಡೀಕ ನಾನ ಕೂತು ಕೇಳಿದೆ, ಆಕಿ ಹೇಳಿದ್ಲು, ಇಡೀ ದಿನ ಬ್ಯಾರೆ ಭಾಷಾದೊಳಗ ಇದ್ದು ತಲಿ ದಣೀತದ, ಒಂದು ತಾಸು ಯಾರ ಮಾತೂ ಕೇಳದಂಗ ಕೂತ್ರ ಮತ್ತ ನಿಮ್ಮ ಜೋಡಿ ಮಾತಾಡಾಕ ಆಗ್ತದ ಅಂತ. ನಾನೂ ಈ ಊರಿಗೆ ಹೊಸದಾಗಿ ಬಂದಾಗ ಬರೇ ಮರಾಠಿ ಕೇಳಿ ಕೇಳಿ ಸಂಜಿಕ ಅಳು ಬರ್ತಿತ್ತು, ನನಗ ತಟ್ಟನೆ ತಿಳೀತು. ಆರರಿಂದ ಏಳು ಆಕಿ ತಾಸು, ಯಾರೂ ಬಾಗಲಾ ಬಡಿಯಂಗಿಲ್ಲ ಅಂತ ಮಾಡಿದ್ವಿ. ಏಳಕ್ಕ ಆಕಿನ ಹೊರಗ ಬಂದು ಕಾಯಿಪಲ್ಯಾ ಹೆಚ್ಚಾಕ ಕೂಡತಿದ್ಲು.

ನಮ್ಮನಿಯೊಳಗ ರಾತ್ರಿ ಜ್ವಾಳದ ರೊಟ್ಟಿನ. ಮೊದಲ ದಿನ ಹಿಟ್ಟಿನ ಡಬ್ಬಿ ತೋರಿಸಿ ಇದು ಏನು ಅಂತ ಕೇಳಿದ್ಲು, ಕಾಳು ತಂದು ಕೈಯಾಗ ಕೊಟ್ಟೆ, ಮೂಸಿ ನೋಡಿ ಕಣ್ಣು ಅಗಲ ಮಾಡಿದ್ಲು. ಅವ್ರ ಅಜ್ಜ ಬೆಳೀತಾರಂತ! ಅಲ್ಲಿ ಅದಕ್ಕ ಮೈಲೋ ಅಂತಾರಂತ, ಅಮೆರಿಕಾದಾಗ ಎಲ್ಲಾಕಿಂತ ಹೆಚ್ಚು ಜ್ವಾಳ ಬೆಳಿಯೂದು ಕಾನ್ಸಾಸದಾಗನ, ಆದ್ರ ಅದು ದನದ ಮೇವಿಗೆ, ಇಲ್ಲಾ ಇಥೆನಾಲ್ ಮಾಡಾಕ ಹೋಗ್ತದ, ಮನುಷ್ಯರು ಉಣ್ಣೂದು ಆಕಿ ನೋಡೇ ಇದ್ದಿಲ್ಲ. ಅವರದು ಕಾಳು ಕೆಂಪು, ನಮ್ಮ ಮಾಲದಂಡಿ ತಳಿ ಜ್ವಾಳ ಮುತ್ತಿನಂಗ ಬಿಳೇದು. ಇದನ್ನ ಅತ್ತಿಯವ್ರಿಗೆ ಹೇಳಿದಾಗ ನಾನು ಹೆದರಿದ್ದೆ, ದನಕ್ಕ ಹಾಕೂದು ಅಂದ್ರ ಎಲ್ಲೆ ಬ್ಯಾಸರ ಮಾಡ್ಕೋತಾರೋ ಅಂತ. ಅವ್ರು ಒಂದು ನಿಮಿಷ ಸುಮ್ಮ ಕೂತು, "ಹಂಗಂದ್ರ ಆಕಿ ಒಕ್ಕಲುತನದ ಮನಿ ಹುಡುಗಿ" ಅಂದ್ರು, ಅವತ್ತಿನಿಂದ ಅವ್ರಿಬ್ರ ನಡುವ ನಮ್ಮ ಕೆಲಸನ ಉಳೀಲಿಲ್ಲ. ಅಕ್ಟೋಬರದಾಗ ಅವ್ರ ಅಜ್ಜ ಕಟಾವು ಫೋಟೋ ಕಳಿಸಿದ್ರು, ಅದ ಹೊತ್ತಿಗೆ ನಮ್ಮ ಊರ ಕಡೆ ಹಿಂಗಾರಿ ಬಿತ್ತಿಗಿ ನಡೆದಿತ್ತು, ಅತ್ತಿಯವ್ರು ಆ ಫೋಟೋ ಎಷ್ಟು ಸರ್ತೆ ನೋಡಿದ್ರೋ.

ಸೆಮಿಸ್ಟರ್ ಕಡೀಕ ಎಲ್ಲಾರೂ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು, ಆಕಿ ಬ್ಯಾರೆ ಏನೋ ವಿಷಯ ಬರೆದುಕೊಟ್ಟಿದ್ಲು, ಅದನ್ನ ಬಿಟ್ಟು ಜ್ವಾಳನ ಹಿಡದ್ಲು. 2023 ಸಿರಿಧಾನ್ಯದ ಅಂತರರಾಷ್ಟ್ರೀಯ ವರ್ಷ ಬ್ಯಾರೆ ಆಗಿತ್ತು. ನಾನ ಮಾರ್ಕೆಟ್ ಯಾರ್ಡಿನ ಭುಸಾರ್, ಅಂದ್ರ ಕಾಳುಕಡಿ, ವಿಭಾಗಕ್ಕ ಕರಕೊಂಡು ಹೋದೆ, ಅಲ್ಲಿ ವ್ಯಾಪಾರಿಗಳು ಹಿಂಗಾರಿ ಜ್ವಾಳಕ್ಕ ಶಾಳು ಅಂತಾರ, ಸೊಲ್ಲಾಪುರ ಕಡೆ ಮಂಗಳವೇಢಾದ್ದು ಯಾವುದು ಬ್ಯಾರೆ ಯಾವುದು ಅಂತ ಅಂಗೈಯಾಗ ಹಾಕಿ ತೋರಿಸಿದ್ರು, ಆಕಿ ಮುರುಕು ಮರಾಠಿಯೊಳಗ ಕೇಳಿದ್ದಕ್ಕ ಎಷ್ಟು ತಾಳ್ಮಿಯಿಂದ ಉತ್ತರಾ ಕೊಟ್ರು. ಗಿರಣಿಗೆ ಹೋಗಿ ಬೀಸಿಸಿಕೊಂಡು ಬರೂದು ಆಮ್ಯಾಲೆ ಆಕಿ ಕೆಲಸನ ಆತು.

ಗೌರಿ ಹಬ್ಬದ ಮಾತು ಬರೀಬೇಕೋ ಬ್ಯಾಡೋ ಅಂತ ಭಾಳ ವಿಚಾರ ಮಾಡಿದೆ, ಬರೀತೀನಿ, ಯಾಕಂದ್ರ ಇದು ನಿಮ್ಮನಿಯೊಳಗೂ ಬರ್ತದ. ಸೆಪ್ಟೆಂಬರದಾಗ ಗೌರಿ ಕೂಡಸೂ ಹಿಂದಿನ ದಿನ ತಂಗಿ ಬಂದು ಪೀರಿಯಡ್ಸ್ ಬಂದದ ಅಂತ ಸೀದಾ ಹೇಳಿದ್ಲು, ಕ್ಲಾಸಿನ್ಯಾಗ ಯಾರೋ ಹೇಳಿದ್ರಂತ ಕೆಲವು ಮನಿಯೊಳಗ ನಡಿಯೂದಿಲ್ಲ ಅಂತ. ಮೂರು ವಾರದಿಂದ ಆಕಿ ರಂಗೋಲಿ ಕಲೀತಿದ್ಲು. ಅತ್ತಿಯವ್ರು ದೇವರ ಹಂತೇಕ ಬ್ಯಾಡ ಅಂದ್ರು. ನಾನು ನನ್ನ ಮಗಳಿಗೆ ಆ ಮಾತು ಎಷ್ಟೋ ವರ್ಷ ಹೇಳೀನಿ, ಎಂದೂ ನಾಲಿಗಿ ತಡವರಿಸಿದ್ದಿಲ್ಲ, ಆದ್ರ ಆಕಿಗೆ ಮರಾಠಿಯೊಳಗ ಹೇಳಾಕ ಹೋದಾಗ ಶಬ್ದನ ಬರಲಿಲ್ಲ. ಆಕಿ ವಾದಾ ಮಾಡಲಿಲ್ಲ, ಹಾಲಿನ್ಯಾಗ ದೂರ ಕೂತು ಆರತಿ ನೋಡಿದ್ಲು. ನೋಡಿ ನನಗ ಸಂಕಟ ಆತು. ರಾತ್ರಿ ಮಗಳಿಗೆ ಫೋನ್ ಹಚ್ಚಿ ಹೇಳಿದೆ, ಆಕಿ "ಅಮ್ಮಾ, ನಂಗೂ ಹಂಗ ಆಗ್ತಿತ್ತಲ್ಲ" ಅಂದ್ಲು, ಅಷ್ಟ. ಮರುವರ್ಷದಿಂದ ನಮ್ಮನಿಯೊಳಗ ಆ ಪದ್ಧತಿ ಇಲ್ಲ, ಅತ್ತಿಯವ್ರ ಜೋಡಿ ಮಾತಾಡಿ ಬಿಟ್ಟೀವಿ. ನಿಮ್ಮ ಪದ್ಧತಿ ಏನದ ಅದನ್ನ ಮೊದಲನೇ ವಾರನ ಕೂತು ಹೇಳಿಬಿಡ್ರಿ, ಹಬ್ಬದ ಹಿಂದಿನ ದಿನ ಹೇಳಬ್ಯಾಡ್ರಿ.

ರೊಕ್ಕದ ಬಗ್ಗೆ ಎಲ್ಲಾರೂ ಸಣ್ಣ ದನಿಯೊಳಗ ಕೇಳ್ತಾರ. ಹೌದು, ತಿಂಗಳಾ ಕೊಡ್ತಾರ, ಊಟಾ ಕರೆಂಟು ಹಾಲು ಎಲ್ಲಾ ಹೋಗಿ ಸ್ವಲ್ಪ ಉಳೀತದ. ತೊಗೊಳ್ಳೂದ್ರಾಗ ಏನೂ ತಪ್ಪಿಲ್ಲ, ಆದ್ರ ಅದರ ಸಲುವಾಗಿನ ಮಾಡ್ತೀರಿ ಅಂದ್ರ ಬ್ಯಾಡ, ಆ ಹುಡುಗೂರಿಗೆ ಎರಡ ದಿನಕ್ಕ ತಿಳೀತದ.

ಮನೀ ನೆನಪು ಆಗ್ತಿತ್ತು ಆಕಿಗೆ. ಅವ್ರ ಊರು ನಮಗಿಂತ ಹತ್ತೂವರಿ ತಾಸು ಹಿಂದ, ಮುಂಜಾನೆ ಏಳೂವರಿಗೆ ಆಕಿ ಅಮ್ಮನ ಫೋನ್ ಬರ್ತಿತ್ತು, ಅಲ್ಲಿ ರಾತ್ರಿ ಒಂಬತ್ತು. ನವೆಂಬರ್ ಮೊದಲ ರವಿವಾರ ಅವ್ರು ಗಡಿಯಾರ ಒಂದು ತಾಸು ಹಿಂದ ಮಾಡ್ತಾರ, ಅದು ನಮಗ ಗೊತ್ತಿದ್ದಿಲ್ಲ, ಮರುದಿನ ಏಳೂವರಿಗೆ ಫೋನ್ ಬರಲಿಲ್ಲ ಅಂತ ಅತ್ತಿಯವ್ರು ಚಾ ಕುಡೀದ ಕೂತಿದ್ರು.

ಡಿಸೆಂಬರದಾಗ ಹೋಗೂ ಮುಂದ ಒಂದು ರಾತ್ರಿ ಸವಾಯಿ ಗಂಧರ್ವ ಸಂಗೀತ ಮಹೋತ್ಸವಕ್ಕ ಮುಕುಂದನಗರಕ್ಕ ಎಲ್ಲಾರೂ ಹೋದ್ವಿ, ಅತ್ತಿಯವ್ರಿಗೆ ಮೊಣಕಾಲು ನೋವು, ಆದ್ರೂ ಬಂದ್ರು. ಭೀಮಸೇನ ಜೋಶಿಯವ್ರು ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಾಗ ಶುರು ಮಾಡಿದ್ದು, ಗುರುಗಳು ಕುಂದಗೋಳದವ್ರು, ಶಿಷ್ಯ ಗದಗಿನವ್ರು, ಪುಣೆ ಮಂದಿ ಇಬ್ರನ್ನೂ ತಮ್ಮವ್ರು ಅಂತಾರ. ಅತ್ತಿಯವ್ರು ಇದೆಲ್ಲಾ ಆಕಿಗೆ ಕನ್ನಡದೊಳಗನ ಹೇಳಿದ್ರು, ಆಕಿ ಮರಾಠಿಯೊಳಗ ಹೂಂ ಅಂದ್ಲು, ನಡುವ ಒಬ್ರೂ ನನ್ನ ಕಡೆ ತಿರುಗಿ ಅರ್ಥ ಕೇಳಲಿಲ್ಲ.

ಹೋಗಿ ಎರಡು ತಿಂಗಳಿಗೆ ವಿಡಿಯೋ ಕಾಲ್ ಬಂತು, ಅಜ್ಜನ ಕೆಂಪು ಮೈಲೋ ಬೀಸಿಕೊಂಡು ರೊಟ್ಟಿ ಬಡಿಯಾಕ ಕೂತಿದ್ಲು, ಎಲ್ಲಾ ಹರೀತಿದ್ವು. ಎಸರು ಕುದಿಯೂದ ಹಾಕೀನಿ ಕಾಕು, ನೀವು ಹೇಳಿದಂಗನ ನಾದೀನಿ, ಆದ್ರೂ ಹರೀತದ ಅಂದ್ಲು. ಜ್ವಾಳಕ್ಕ ಗೋದಿಯಂಗ ಅಂಟು ಇರೂದಿಲ್ಲ, ಕುದಿಯೂ ನೀರಿಗೆ ಹಿಟ್ಟು ಬೆಂದು ಜಿಗಿ ಬಂದ್ರನ ರೊಟ್ಟಿ ನಿಲ್ಲತದ, ಅದು ಆಕಿಗೆ ಗೊತ್ತಿತ್ತು. ನಾನು ಇನ್ನೇನು ತಪ್ಪಿರಬೇಕು ಅಂತ ವಿಚಾರ ಮಾಡೂದ್ರಾಗ ಹಿಂದಿನಿಂದ ಅತ್ತಿಯವ್ರು ಫೋನ್ ಕಸಗೊಂಡು, "ತಂಗಿ, ಹಿಟ್ಟು ಬೀಸಿ ಎಷ್ಟು ದಿನ ಆತು?" ಅಂತ ಕೇಳಿದ್ರು. ಮೂರು ವಾರ ಅಂದ್ಲು. "ಹಳೇದಾತು. ನಾಳೆ ಹೊಸಾದು ಬೀಸಿ ಮತ್ತ ಫೋನ್ ಹಚ್ಚು, ನಾ ಇಲ್ಲೇ ಕೂತಿರ್ತೀನಿ" ಅಂದ್ರು.